ಮನೆಯಲ್ಲೇ ಸಿಎನ್‌ಸಿ ರೌಟರ್: ಉಗಾರ ಖುರ್ದದಲ್ಲಿ ಕೂತು ಕಟ್ಟುವ ಬಗೆ

ಸಾಗವಾನಿ ಹಲಗೆಯ ಮೇಲೆ ಮನೆಯ ಹೆಸರು ಕೆತ್ತುವುದು, ದೇವರ ಕೋಣೆಯ ಬಾಗಿಲಿಗೆ ಜಾಲಂಧ್ರ ಕೊರೆಯುವುದು, ಎರಕದ ಕಾರ್ಖಾನೆಗೆ ಮರದ ಪ್ಯಾಟರ್ನ್ ಮಾಡುವುದು, ಅಕ್ರಿಲಿಕ್ ಹಾಳೆಯಲ್ಲಿ ಅಂಗಡಿಯ ಬೋರ್ಡಿನ ಅಕ್ಷರ ಕತ್ತರಿಸುವುದು: ಈ ಎಲ್ಲ ಕೆಲಸವನ್ನೂ ಕಂಪ್ಯೂಟರಿನಲ್ಲಿ ಬರೆದ ಚಿತ್ರದಂತೆ ಮಾಡಿಕೊಡುವ ಯಂತ್ರ ಸಿಎನ್‌ಸಿ ರೌಟರ್. ಕಾರ್ಖಾನೆಯಲ್ಲಿ ತಯಾರಾದ ದೊಡ್ಡ ರೌಟರಿನ ಬೆಲೆ ಲಕ್ಷಗಳಲ್ಲಿರುತ್ತದೆ. ವೆಲ್ಡಿಂಗ್, ಲೇತ್ ಮತ್ತು ವೈರಿಂಗ್ ಕೆಲಸದ ಪರಿಚಯ ಇರುವವರು, ಅಥವಾ ಬಲ್ಲವರ ನೆರವು ಪಡೆಯಬಲ್ಲವರು, ಚಿಕ್ಕದೊಂದನ್ನು ಮನೆಯ ಪಡಸಾಲೆಯಲ್ಲೇ ಕಟ್ಟಿಕೊಳ್ಳಬಹುದು.

ಉಗಾರ ಖುರ್ದ, ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಭಾಗದವರಿಗೆ ಈ ಕೆಲಸದಲ್ಲಿ ಒಂದು ದೊಡ್ಡ ಅನುಕೂಲವಿದೆ. ಕಬ್ಬಿಣ, ಎರಕ, ಲೇತ್ ಕೆಲಸಕ್ಕೆ ಹೆಸರಾದ ಊರುಗಳು ಸುತ್ತಲೂ ಇವೆ. ಆದ್ದರಿಂದ ಭಾರವಾದದ್ದನ್ನು ಹತ್ತಿರದಲ್ಲಿ ಮಾಡಿಸಿ, ಸೂಕ್ಷ್ಮವಾದದ್ದನ್ನು ಮಾತ್ರ ದೂರದಿಂದ ತರಿಸಿ. ಹಣ ಉಳಿಯುವುದೂ, ಯಂತ್ರ ಗಟ್ಟಿಯಾಗುವುದೂ ಈ ಒಂದು ಸೂತ್ರದಿಂದಲೇ.

ಸಿಎನ್‌ಸಿ ರೌಟರ್ ಎಂದರೇನು?

ಬಡಿಗರು ಕೈಯಲ್ಲಿ ಹಿಡಿದು ಅಂಚು ತೆಗೆಯುವ ಟ್ರಿಮ್ಮರ್ ಅಥವಾ ರೌಟರನ್ನು ನೀವು ನೋಡಿರಬಹುದು. ಅದನ್ನು ಮೂರು ದಿಕ್ಕಿನಲ್ಲಿ ಚಲಿಸುವ ಚೌಕಟ್ಟಿಗೆ ಕಟ್ಟಿ, ಆ ಚಲನೆಯನ್ನು ಕಂಪ್ಯೂಟರಿನ ಕೈಗೆ ಕೊಟ್ಟರೆ ಸಿಎನ್‌ಸಿ ರೌಟರ್ ಆಯಿತು. ಎಡ-ಬಲದ ಚಲನೆಗೆ ಎಕ್ಸ್, ಹಿಂದೆ-ಮುಂದಿನ ಚಲನೆಗೆ ವೈ, ಮೇಲೆ-ಕೆಳಗಿನ ಚಲನೆಗೆ ಝಡ್ ಎಂದು ಹೆಸರು. ಮೇಜಿನ ಮೇಲೆ ಅಡ್ಡಲಾಗಿ ನಿಂತು, ಕೊರೆಯುವ ಬಿಟ್ ತಿರುಗಿಸುವ ಮೋಟರನ್ನು, ಎಂದರೆ ಸ್ಪಿಂಡಲನ್ನು, ಹೊತ್ತು ಓಡಾಡುವ ಕಮಾನಿಗೆ ಗ್ಯಾಂಟ್ರಿ ಎನ್ನುತ್ತಾರೆ.

ಯಂತ್ರಕ್ಕೆ ಆದೇಶ ಹೋಗುವುದು ಜಿ-ಕೋಡ್ ಎಂಬ ಸರಳ ಸಾಲುಗಳಲ್ಲಿ. ‘ಜಿ1 ಎಕ್ಸ್50 ವೈ20 ಎಫ್800’ ಎಂಬ ಸಾಲಿಗೆ, ನಿಮಿಷಕ್ಕೆ 800 ಮಿಲಿಮೀಟರ್ ವೇಗದಲ್ಲಿ ನೇರ ಗೆರೆ ಕೊರೆಯುತ್ತ ಎಕ್ಸ್ 50, ವೈ 20ರ ಬಿಂದುವಿಗೆ ಹೋಗು ಎಂದು ಅರ್ಥ. ಜಿ0 ಎಂದರೆ ಕೊರೆಯದೆ ವೇಗವಾಗಿ ಸಾಗು. ಜಿ2, ಜಿ3 ಎಂದರೆ ಕಮಾನಿನಂತೆ ಸಾಗು. ಎಂ3 ಎಂದರೆ ಸ್ಪಿಂಡಲ್ ತಿರುಗಿಸು. ಎಂ5 ಎಂದರೆ ನಿಲ್ಲಿಸು.

ಅಂಕಿಗಳಿಂದ ಯಂತ್ರ ನಡೆಸುವ ವಿಚಾರಕ್ಕೆ ಅಮೆರಿಕದ ಜಾನ್ ಪಾರ್ಸನ್ಸ್ ದಾರಿ ಹಾಕಿದರು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆ 1952ರಲ್ಲಿ ಅಂಥ ಮಿಲ್ಲಿಂಗ್ ಯಂತ್ರವನ್ನು ನಡೆಸಿ ತೋರಿಸಿತು. ದಶಕಗಳ ಕಾಲ ಅದು ದೊಡ್ಡ ಕಾರ್ಖಾನೆಗಳ ಸ್ವತ್ತಾಗಿತ್ತು. ನಾರ್ವೆಯ ಸಿಮೆನ್ ಸ್ವಾಲೆ ಸ್ಕೊಗ್ಸ್‌ರುಡ್ 2009ರಲ್ಲಿ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ಬರೆದರು. ಅಂಗೈ ಅಗಲದ ಆರ್ಡುಯಿನೊ ಬೋರ್ಡೇ ಅದರಿಂದ ಸಿಎನ್‌ಸಿ ನಿಯಂತ್ರಕವಾಯಿತು, ಯಂತ್ರವೂ ಮನೆಗೆ ಬಂತು.

ಈ ನೆಲಕ್ಕೆ ಯಂತ್ರ ಹೊಸದಲ್ಲ

ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅಲ್ಲಿಂದ ಬೆಳೆದ ಕೆಲಸ ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ ಬಂದು, 1910ರಲ್ಲಿ ಕಿರ್ಲೋಸ್ಕರ್‌ವಾಡಿಯ ಕಾರ್ಖಾನೆಯಾಯಿತು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರಾಯಿತು.

ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಆರಂಭವಾದದ್ದು 1939ರಲ್ಲಿ. ಸಕ್ಕರೆ ಕಾರ್ಖಾನೆ ಇರುವ ಊರಿಗೆ ಫಿಟ್ಟರ್, ಟರ್ನರ್, ವೆಲ್ಡರ್‌ಗಳ ವಿದ್ಯೆಯೂ ಬರುತ್ತದೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಗಾಣದ ರೋಲರ್, ಬೇರಿಂಗ್, ಗೇರುಗಳನ್ನೆಲ್ಲ ಬಿಚ್ಚಿ ಓವರ್‌ಹಾಲಿಂಗ್ ಮಾಡಲೇಬೇಕು. ಶಾಫ್ಟ್ ನೇರವಾಗಿದೆಯೇ, ಬೇರಿಂಗ್ ಸರಿಯಾಗಿ ಕೂತಿದೆಯೇ ಎಂದು ಗುರುತಿಸುವ ಕಣ್ಣು ಆ ಕೆಲಸದಲ್ಲಿ ಪಳಗುತ್ತದೆ. ರೌಟರ್ ಕಟ್ಟುವವರಿಗೆ ಬೇಕಾದದ್ದೂ ಅದೇ ಕಣ್ಣು. ಕಂಪ್ಯೂಟರಿನ ಭಾಗವನ್ನು ಹುಡುಗರು ಕೆಲವೇ ವಾರಗಳಲ್ಲಿ ಕಲಿಯಬಲ್ಲರು; ಯಂತ್ರದ ಭಾಗಕ್ಕೆ ಇಂಥ ಅನುಭವಿಗಳ ಬಳಿ ಕೂತು ಕೇಳಬೇಕು.

ಮೊದಲ ನಿರ್ಧಾರ: ಯಾವ ಕೆಲಸ, ಎಷ್ಟು ಅಳತೆ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆ ಇಡೀ ಹಿಡಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಮೊದಲ ಯಂತ್ರಕ್ಕೆ ಆ ಆಸೆ ಬೇಡ. ಅಳತೆ ಹೆಚ್ಚಿದಂತೆ ಬಾಗುವಿಕೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ: ಎರಡು ತುದಿಯಲ್ಲಿ ಆತುಕೊಂಡ ತೊಲೆಯ ಉದ್ದ ಎರಡು ಪಟ್ಟಾದರೆ, ಅಷ್ಟೇ ಭಾರಕ್ಕೆ ಅದು ಎಂಟು ಪಟ್ಟು ಬಾಗುತ್ತದೆ.

ನಾಮಫಲಕ, ಜಾಲಂಧ್ರದ ತುಂಡು, ಪ್ಯಾಟರ್ನ್, ಆಟಿಕೆ, ಅಥಣಿಯ ಚಪ್ಪಲಿ ಕೆಲಸಕ್ಕೆ ಬೇಕಾಗುವ ಅಳತೆಯ ಅಚ್ಚುಪಟ್ಟಿಗಳಿಗೆ 600 × 600 ಮಿಲಿಮೀಟರ್ ಕೆಲಸದ ಜಾಗ, 100 ಮಿಲಿಮೀಟರ್ ಝಡ್ ಚಲನೆ ಸಾಕು. ಕೆಲಸದ ಜಾಗ 600 ಎಂದರೆ ಗ್ಯಾಂಟ್ರಿ ಓಡುವ ರೈಲು ಅಷ್ಟೇ ಉದ್ದ ಇದ್ದರೆ ಸಾಲದು. ಗ್ಯಾಂಟ್ರಿಯ ಬುಡದ ಅಗಲವನ್ನು ಸೇರಿಸಿ ಸುಮಾರು 900 ಮಿಲಿಮೀಟರ್ ರೈಲು ಬೇಕಾಗುತ್ತದೆ. ಖರೀದಿಗೆ ಮೊದಲು ಪೂರ್ತಿ ಯಂತ್ರದ ಚಿತ್ರವನ್ನು ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ಬರೆದುಕೊಳ್ಳಿ. ಕಾಗದದ ಮೇಲಾದರೂ ಸರಿ, ಪ್ರತಿ ಬೋಲ್ಟಿನ ಜಾಗವೂ ಚಿತ್ರದಲ್ಲಿ ಇರಲಿ.

ಚೌಕಟ್ಟು: ಅಲ್ಯುಮಿನಿಯಂ ಬೇಕೆ, ಕಬ್ಬಿಣ ಬೇಕೆ?

ಹವ್ಯಾಸಿಗಳ ವಿನ್ಯಾಸಗಳಲ್ಲಿ ಹೆಚ್ಚಾಗಿ ಕಾಣುವುದು ತೋಡುಗಳುಳ್ಳ ಅಲ್ಯುಮಿನಿಯಂ ಪ್ರೊಫೈಲ್. 2040, 4040 ಎಂಬ ಸಂಖ್ಯೆಗಳು ಅದರ ಅಡ್ಡ ಅಳತೆಯನ್ನು ಹೇಳುತ್ತವೆ: 20 × 40, 40 × 40 ಮಿಲಿಮೀಟರ್. ನೇರವಾಗಿರುತ್ತದೆ, ವೆಲ್ಡಿಂಗ್ ಬೇಡ, ತಪ್ಪಿದರೆ ಬಿಚ್ಚಿ ಮತ್ತೆ ಜೋಡಿಸಬಹುದು. ಆದರೆ ಬೆಲೆ ಹೆಚ್ಚು, ಪಾರ್ಸಲ್ ಖರ್ಚು ಬೇರೆ.

ಕಬ್ಬಿಣದ ಚೌಕ ಪೈಪು ನಮ್ಮ ಭಾಗದ ಎಲ್ಲ ಪೇಟೆಗಳಲ್ಲೂ ಕಿಲೊ ಲೆಕ್ಕದಲ್ಲಿ ಸಿಗುತ್ತದೆ. ಒಂದೇ ಅಳತೆಯ ಅಲ್ಯುಮಿನಿಯಂಗಿಂತ ಉಕ್ಕು ಸುಮಾರು ಮೂರು ಪಟ್ಟು ಬಿಗಿ. 50 × 50 ಮಿಲಿಮೀಟರ್, 3 ಮಿಲಿಮೀಟರ್ ದಪ್ಪದ ಪೈಪು ಮೀಟರಿಗೆ ಸುಮಾರು 4.4 ಕಿಲೊ ತೂಗುತ್ತದೆ. ಆರು ಮೀಟರಿನ ಒಂದು ಪೈಪಿಗೆ 26 ಕಿಲೊಗೂ ಹೆಚ್ಚು. ಮೇಜಿಗೂ ತಳಕ್ಕೂ ಈ ಭಾರ ಒಳ್ಳೆಯದೇ, ಅದುರುವಿಕೆಯನ್ನು ಅದು ತಗ್ಗಿಸುತ್ತದೆ. ಗ್ಯಾಂಟ್ರಿಗೆ ಆಯಾಕಾರದ ಪೈಪನ್ನು ಬಳಸಬಹುದು. ಯಾವ ದಿಕ್ಕಿನಲ್ಲಿ ಒತ್ತಡ ಹೆಚ್ಚೋ ಆ ದಿಕ್ಕಿಗೆ ಅದರ ಉದ್ದನೆಯ ಬದಿ ಇರಲಿ.

ಕಬ್ಬಿಣದ ತೊಂದರೆ ಒಂದೇ: ವೆಲ್ಡಿಂಗ್ ಬಿಸಿಗೆ ಅದು ಸೊಟ್ಟಗಾಗುತ್ತದೆ. ಅದಕ್ಕೆ ಮೂರು ಪರಿಹಾರಗಳಿವೆ. ಮೊದಲು ಎಲ್ಲ ಮೂಲೆಗೂ ಟ್ಯಾಕ್ ಹಾಕಿ, ಕರ್ಣಗಳನ್ನು ಅಳೆದು, ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬೆಸೆಯಬೇಕು. ಎರಡನೆಯದಾಗಿ, ರೈಲು ಕೂರುವ ಕಡೆ 10 ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಬೆಸೆದು, ಇಡೀ ಚೌಕಟ್ಟನ್ನು ದೊಡ್ಡ ಮಿಲ್ಲಿಂಗ್ ಯಂತ್ರದ ಮೇಲೆ ಒಂದೇ ಸಲ ಕಟ್ಟಿ ಪಟ್ಟಿಗಳಿಗೆ ಪ್ಲೇನ್ ಹೊಡೆಸಬೇಕು. ಬೆಳಗಾವಿಯ ಉದ್ಯಮಬಾಗ, ಮಿರಜ-ಕುಪವಾಡದ ಎಂಐಡಿಸಿ, ಕೊಲ್ಹಾಪುರದ ಶಿರೋಳಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಬೇಕಾದ ಕೆಲಸವಿದು. ಅದಕ್ಕೆ ಹಣ ಸಾಲದಿದ್ದರೆ, ತೆಳು ತಗಡಿನ ಶಿಮ್‌ಗಳನ್ನು ಇಟ್ಟು ಡಯಲ್ ಗೇಜಿನಿಂದ ರೈಲನ್ನು ಸಮ ಮಾಡಿಕೊಳ್ಳಬಹುದು. ಸಮಯ ಹಿಡಿಯುತ್ತದೆ, ಫಲಿತಾಂಶ ಚೆನ್ನಾಗಿರುತ್ತದೆ.

ರೈಲು ಮತ್ತು ಸ್ಕ್ರೂ: ಹಣ ಹಾಕಬೇಕಾದ ಜಾಗ

ಚಲನೆಯ ನೇರ್ಪನ್ನು ಕಾಪಾಡುವುದು ರೈಲು. ಎರಡು ತುದಿಯಲ್ಲಿ ಮಾತ್ರ ಆಧಾರವಿರುವ ದುಂಡು ಸರಳು ಅಗ್ಗ, ಆದರೆ ನಡುವೆ ಬಾಗುತ್ತದೆ. ಇಡೀ ಉದ್ದಕ್ಕೂ ಅಲ್ಯುಮಿನಿಯಂ ಆಧಾರವಿರುವ ಎಸ್‌ಬಿಆರ್16 ಅಥವಾ ಎಸ್‌ಬಿಆರ್20 ರೈಲು ಮಧ್ಯಮ ದಾರಿ. ಚೌಕಾಕಾರದ ಎಚ್‌ಜಿಆರ್15, ಎಚ್‌ಜಿಆರ್20 ರೈಲುಗಳು ಎಲ್ಲಕ್ಕಿಂತ ಗಟ್ಟಿ. ಅವು ಕೂರುವ ಜಾಗವೂ ಅಷ್ಟೇ ಸಮತಟ್ಟಾಗಿರಬೇಕು, ಇಲ್ಲವಾದರೆ ರೈಲಿನ ಮೇಲೆ ಸರಿಯುವ ಬ್ಲಾಕ್ ಬಿಗಿದು ನಿಲ್ಲುತ್ತದೆ. ಚೌಕಟ್ಟಿಗೆ ಪ್ಲೇನ್ ಹೊಡೆಸಿದ್ದರೆ ಎಚ್‌ಜಿಆರ್, ಹೊಡೆಸದಿದ್ದರೆ ಎಸ್‌ಬಿಆರ್ ಎಂದು ಆರಿಸಿಕೊಳ್ಳಿ.

ಮೋಟರಿನ ತಿರುಗುವಿಕೆಯನ್ನು ನೇರ ಚಲನೆಯಾಗಿಸಲು ಹವ್ಯಾಸಿಗಳು ಮೂರು ವಿಧಾನ ಬಳಸುತ್ತಾರೆ. ಜಿಟಿ2 ಹಲ್ಲಿನ ಬೆಲ್ಟ್ ವೇಗವಾಗಿ ಓಡುತ್ತದೆ, ಗಟ್ಟಿ ಮರದಲ್ಲಿ ಎಳೆದಾಡುತ್ತದೆ. ಟಿ8 ಲೀಡ್ ಸ್ಕ್ರೂ ಅಗ್ಗ. ಒಂದು ಸುತ್ತಿಗೆ ಸಾಮಾನ್ಯವಾಗಿ 8 ಮಿಲಿಮೀಟರ್ ಸಾಗುತ್ತದೆ, ನಟ್ಟು ಸವೆದಂತೆ ಸಡಿಲಾಗುತ್ತದೆ. ಎಸ್‌ಎಫ್‌ಯು1605 ಬಾಲ್ ಸ್ಕ್ರೂ 16 ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ 5 ಮಿಲಿಮೀಟರ್ ಚಲನೆ. ನಟ್ಟಿನೊಳಗೆ ಗುಂಡುಗಳು ಉರುಳುವುದರಿಂದ ಘರ್ಷಣೆ ಕಡಿಮೆ, ಸಡಿಲವೂ ಬಹಳ ಕಡಿಮೆ. 600 ಮಿಲಿಮೀಟರಿನ ಯಂತ್ರಕ್ಕೆ 1605 ತಕ್ಕ ಆಯ್ಕೆ.

ಬಾಲ್ ಸ್ಕ್ರೂ ಕೊಳ್ಳುವಾಗ ಎರಡು ಎಚ್ಚರ. ತುದಿಗಳನ್ನು ಬಿಕೆ12, ಬಿಎಫ್12 ಆಧಾರಗಳಿಗೆ ಸರಿಹೊಂದುವಂತೆ ಲೇತಿನಲ್ಲಿ ತಿರುಗಿಸಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಸ್ಕ್ರೂ ಗಡಸು ಮಾಡಿದ ಉಕ್ಕು, ಊರಿನ ಲೇತಿನಲ್ಲಿ ಸಾದಾ ಟೂಲಿಗೆ ಬಗ್ಗುವುದು ಕಷ್ಟ. ಇನ್ನೊಂದು, ನಟ್ಟನ್ನು ಸ್ಕ್ರೂವಿನಿಂದ ಎಂದೂ ಹೊರತೆಗೆಯಬೇಡಿ, ಗುಂಡುಗಳು ಚೆಲ್ಲುತ್ತವೆ. ರೈಲಿನ ಬ್ಲಾಕಿಗೂ ಇದೇ ಮಾತು.

ಮೋಟರ್, ಡ್ರೈವರ್, ನಿಯಂತ್ರಕ

ಸ್ಟೆಪ್ಪರ್ ಮೋಟರ್ ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಪ್ರತಿ ಹೆಜ್ಜೆ 1.8 ಡಿಗ್ರಿ. ನೆಮಾ 17, ನೆಮಾ 23 ಎಂಬುದು ಶಕ್ತಿಯ ಸಂಖ್ಯೆಯಲ್ಲ, ಮುಂಭಾಗದ ಅಗಲ: 1.7 ಇಂಚು ಮತ್ತು 2.3 ಇಂಚು. ಮರ ಕೆತ್ತುವ ಯಂತ್ರಕ್ಕೆ ನೆಮಾ 23 ಇರಲಿ. 18.9 ಕಿಲೊ-ಸೆಂಟಿಮೀಟರ್ ಹಿಡಿತದ ಮೋಟರ್ 1605 ಸ್ಕ್ರೂ ತಿರುಗಿಸಿದರೆ ಲೆಕ್ಕದ ಪ್ರಕಾರ 200 ಕಿಲೊಗೂ ಹೆಚ್ಚಿನ ಭಾರಕ್ಕೆ ಸಮನಾದ ಒತ್ತಡ ಹುಟ್ಟುತ್ತದೆ. ವೇಗ ಹೆಚ್ಚಿದಂತೆ ಅದು ಇಳಿದರೂ ಕೆತ್ತನೆಗೆ ಸಾಕು.

ಮೋಟರಿಗೆ ವಿದ್ಯುತ್ ಹಂಚುವುದು ಡ್ರೈವರ್. ನೆಮಾ 23ಕ್ಕೆ ಡಿಎಂ542 ಡ್ರೈವರ್, 36 ವೋಲ್ಟಿನ ಎಸ್‌ಎಂಪಿಎಸ್ ಒಳ್ಳೆಯ ಜೋಡಿ. ಅಗ್ಗದ ಟಿಬಿ6600 ಕೂಡ ನಡೆಯುತ್ತದೆ, ಶಬ್ದ ಮತ್ತು ಬಿಸಿ ಹೆಚ್ಚು. ವಿದ್ಯುತ್ ಇರುವಾಗ ಮೋಟರಿನ ತಂತಿ ಕಿತ್ತರೆ ಡ್ರೈವರ್ ಸುಟ್ಟುಹೋಗಬಹುದು. ಆದ್ದರಿಂದ ಮೊದಲು ಸ್ವಿಚ್, ಆಮೇಲೆ ತಂತಿ.

ನಿಯಂತ್ರಕಕ್ಕೆ ಜಿಆರ್‌ಬಿಎಲ್ ತುಂಬಿದ ಆರ್ಡುಯಿನೊ ಊನೊ ಸಾಕು. ಅದಕ್ಕೆ ಹೇಳಬೇಕಾದ ಮುಖ್ಯ ಸಂಖ್ಯೆ, ಒಂದು ಮಿಲಿಮೀಟರಿಗೆ ಎಷ್ಟು ಹೆಜ್ಜೆ ಎಂಬುದು. ಡ್ರೈವರ್ ಪ್ರತಿ ಹೆಜ್ಜೆಯನ್ನು 8 ಭಾಗ ಮಾಡುವಂತೆ ಹೊಂದಿಸಿದರೆ 200 × 8 = 1600; ಅದನ್ನು 5 ಮಿಲಿಮೀಟರಿಂದ ಭಾಗಿಸಿದರೆ 320. ಊನೊದಲ್ಲಿ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಹೆಜ್ಜೆ ಕಳಿಸಬಲ್ಲದು. ಅಂದರೆ ನಿಮಿಷಕ್ಕೆ 5,600 ಮಿಲಿಮೀಟರ್ ವೇಗದ ತನಕ ಅದು ಅಡ್ಡಿಯಾಗದು, ಹವ್ಯಾಸಿ ಯಂತ್ರಕ್ಕೆ ಅದು ಧಾರಾಳ.

ಸ್ಪಿಂಡಲ್

ಆರಂಭಕ್ಕೆ ಬಡಿಗರ ಟ್ರಿಮ್ಮರೇ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಕೆಟ್ಟರೆ ಊರಿನಲ್ಲೇ ಕಾರ್ಬನ್ ಬ್ರಶ್ ಬದಲಿಸಬಹುದು. ತಾಸುಗಟ್ಟಲೆ ನಡೆಸಿದರೆ ಬಿಸಿಯಾಗುತ್ತದೆ, ಶಬ್ದ ಜೋರು.

ದಿನವೂ ಕೆಲಸವಿದ್ದರೆ ನೀರಿನಿಂದ ತಣ್ಣಗಾಗುವ 800 ವ್ಯಾಟ್ ಅಥವಾ 1.5 ಕಿಲೊವ್ಯಾಟ್ ಸ್ಪಿಂಡಲ್ ಮತ್ತು ವಿಎಫ್‌ಡಿ ಕೊಳ್ಳಬಹುದು. ಮನೆಯ ಸಿಂಗಲ್ ಫೇಸನ್ನು ವಿಎಫ್‌ಡಿ ಮೂರು ಫೇಸ್ ಆಗಿ ಮಾರ್ಪಡಿಸಿ 400 ಹರ್ಟ್ಸ್‌ಗೆ ಏರಿಸುತ್ತದೆ, ಸ್ಪಿಂಡಲ್ ನಿಮಿಷಕ್ಕೆ 24,000 ಸುತ್ತು ತಿರುಗುತ್ತದೆ. ಅತಿ ನಿಧಾನದಲ್ಲಿ ಇದಕ್ಕೆ ಬಲವಿರುವುದಿಲ್ಲ, ತೀರ ಕೆಳಗಿನ ವೇಗದಲ್ಲಿ ನಡೆಸಬೇಡಿ. ತಂಪಿಗೆ ಬಾವಿ, ಬೋರಿನ ನೀರು ಹಾಕಬೇಡಿ. ಕೃಷ್ಣೆಯ ನೀರಾವರಿ ಪ್ರದೇಶದ ಸವಳು ನೀರು ಒಳಗೆ ಪದರ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ.

ಬಿಟ್ ಹಿಡಿಯುವ ಕೊಲೆಟ್ ಅಳತೆ ತಪ್ಪಬಾರದು. 6 ಮಿಲಿಮೀಟರ್ ಕೊಲೆಟಿಗೆ ಕಾಲು ಇಂಚಿನ, ಎಂದರೆ 6.35 ಮಿಲಿಮೀಟರಿನ ಬಿಟ್ ತುರುಕಿದರೆ ಎರಡೂ ಹಾಳು.

ಬಿಡಿಭಾಗ ಎಲ್ಲೆಲ್ಲಿ ಸಿಗುತ್ತವೆ?

*ಊರು ಮತ್ತು ಅಕ್ಕಪಕ್ಕ.* ನಟ್ಟು, ಬೋಲ್ಟು, ವಾಶರ್, ಸಾದಾ ಬೇರಿಂಗ್, ವೈರು, ಎಂಸಿಬಿ, ಪ್ಲೈವುಡ್, ಟ್ರಿಮ್ಮರ್ ಮುಂತಾದವು ಉಗಾರ, ಕುಡಚಿ, ಅಥಣಿ, ಚಿಕ್ಕೋಡಿಯ ಅಂಗಡಿಗಳಲ್ಲಿ ಹುಡುಕಬೇಕಾದವು. ವೆಲ್ಡಿಂಗ್ ಮತ್ತು ಸಣ್ಣ ಲೇತ್ ಕೆಲಸವನ್ನು ಊರಲ್ಲೇ ಮಾಡಿಸಿ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡರ್‌ಗೆ ಇಂಥ ಚೌಕಟ್ಟು ದೊಡ್ಡ ಕೆಲಸವಲ್ಲ. ಅಳತೆಯ ಬಿಗಿ ಎಷ್ಟಿರಬೇಕೆಂಬುದನ್ನು ಮಾತ್ರ ಚಿತ್ರ ತೋರಿಸಿ ವಿವರಿಸಿ.

*ಮಿರಜ, ಸಾಂಗಲಿ, ಕುಪವಾಡ.* ಮಿರಜ-ಬೆಳಗಾವಿ ರೈಲು ಮಾರ್ಗದಲ್ಲಿ ಶೇಡಬಾಳ ಮತ್ತು ಕುಡಚಿಯ ನಡುವೆ ಉಗಾರ ಖುರ್ದ ನಿಲ್ದಾಣವಿದೆ. ಮಿರಜಕ್ಕೆ ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು. ಕಬ್ಬಿಣದ ಪೈಪು, ಪಟ್ಟಿ, ಬೇರಿಂಗ್‌ಗೆ ಮಿರಜ-ಸಾಂಗಲಿಯ ಪೇಟೆ. ತಗಡು ಕತ್ತರಿಸುವ, ಪ್ಲೇನ್ ಹೊಡೆಯುವ ಜಾಬ್ ವರ್ಕ್‌ಗೆ ಕುಪವಾಡದ ಕೈಗಾರಿಕಾ ಪ್ರದೇಶ. ಚಿತ್ರವನ್ನು ಡಿಎಕ್ಸ್‌ಎಫ್ ಕಡತದಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ. ಗ್ಯಾಂಟ್ರಿಯ ಪಕ್ಕದ ಫಲಕಗಳನ್ನು ರಂಧ್ರ ಸಮೇತ ಲೇಸರಿನಲ್ಲಿ ಕತ್ತರಿಸಿಕೊಂಡರೆ ಎರಡು ಬದಿಯೂ ಒಂದೇ ಅಳತೆಗೆ ಬರುತ್ತವೆ.

*ಇಚಲಕರಂಜಿ, ಕೊಲ್ಹಾಪುರ.* ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಇವು ಹತ್ತಿರ. ಇಚಲಕರಂಜಿ ವಿದ್ಯುತ್ ಮಗ್ಗಗಳ ಊರು, ಮಗ್ಗಗಳಿರುವಲ್ಲಿ ಬೇರಿಂಗ್, ಪುಲ್ಲಿ, ಬೆಲ್ಟಿನ ಅಂಗಡಿಗಳಿರುತ್ತವೆ. ಕೊಲ್ಹಾಪುರದ ಶಿವಾಜಿ ಉದ್ಯಮನಗರ, ಶಿರೋಳಿ, ಗೋಕುಳ ಶಿರಗಾಂವಗಳಲ್ಲಿ ಎರಕ ಮತ್ತು ಮಷಿನಿಂಗ್ ಕೆಲಸ ದಟ್ಟವಾಗಿದೆ.

*ಬೆಳಗಾವಿ.* ಉದ್ಯಮಬಾಗದ ಎರಕ ಮತ್ತು ಮಷಿನಿಂಗ್ ಘಟಕಗಳು ಮೋಟರ್, ಪಂಪು, ವಾಹನಗಳ ಭಾಗಗಳನ್ನು ಮಾಡುವಂಥವು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಬೆಳಗಾವಿಯಲ್ಲಿದೆ. ಸಿಎನ್‌ಸಿಯನ್ನು ಶಿಸ್ತಿನಿಂದ ಕಲಿಯಬೇಕೆನ್ನುವ ಯುವಕರು ಅಲ್ಲಿ ವಿಚಾರಿಸಲಿ.

*ದೂರದ ಪೇಟೆಗಳು.* ರೈಲು, ಬಾಲ್ ಸ್ಕ್ರೂ, ಮೋಟರ್, ಡ್ರೈವರ್, ಸ್ಪಿಂಡಲ್‌ಗಳನ್ನು ಪುಣೆ, ಮುಂಬೈ, ಬೆಂಗಳೂರಿನಿಂದ ತರಿಸಬೇಕು. ಎಲೆಕ್ಟ್ರಾನಿಕ್ಸಿಗೆ ಬೆಂಗಳೂರಿನ ಎಸ್‌ಪಿ ರಸ್ತೆ, ಪುಣೆಯ ಬುಧವಾರ ಪೇಠೆ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ. ಬೇರಿಂಗ್ ಮತ್ತು ಉಪಕರಣಗಳಿಗೆ ಮುಂಬೈಯ ನಾಗದೇವಿ ಬೀದಿ ಹೆಸರಾಗಿದೆ. ಈಗ ಇವೆಲ್ಲ ಆನ್‌ಲೈನಿನಲ್ಲೂ ಸಿಗುತ್ತವೆ. ಹವ್ಯಾಸಿಗಳು ಚೀನಾದಿಂದ ನೇರ ತರಿಸುತ್ತಿದ್ದ ಅಲಿಎಕ್ಸ್‌ಪ್ರೆಸ್ ಆ್ಯಪ್‌ಗೆ ಭಾರತದಲ್ಲಿ 2020ರ ನವೆಂಬರಿನಲ್ಲಿ ನಿರ್ಬಂಧ ಬಂತು. ಆದ್ದರಿಂದ ಭಾರತದಲ್ಲೇ ದಾಸ್ತಾನು ಇಟ್ಟು ಜಿಎಸ್‌ಟಿ ಬಿಲ್ ಕೊಡುವ ಮಾರಾಟಗಾರರಿಂದ ಕೊಳ್ಳುವುದೇ ಸುಲಭ. ಕೆಟ್ಟ ಮೋಟರನ್ನು ಬದಲಿಸಿಕೊಳ್ಳಲು ಆ ಬಿಲ್ಲೇ ಆಧಾರ.

*ಗುಜರಿ.* ಹಳೆಯ ಯಂತ್ರಗಳಿಂದ ಬಿಚ್ಚಿದ ರೈಲು, ಎಸ್‌ಎಂಪಿಎಸ್, ಪ್ರಾಕ್ಸಿಮಿಟಿ ಸ್ವಿಚ್, ಕೇಬಲ್ ಚೈನ್‌ಗಳನ್ನು ಗುಜರಿಯಲ್ಲಿ ಹುಡುಕಬಹುದು. ರೈಲಿನ ಮೇಲೆ ತುಕ್ಕಿನ ಗುಳಿ ಇದ್ದರೆ ಬೇಡ. ಬ್ಲಾಕನ್ನು ಬೆರಳಿನಿಂದ ತಳ್ಳಿದಾಗ ಒಂದೇ ಸಮನೆ ಸಾಗಬೇಕು, ಎಲ್ಲೂ ತಡೆಯಬಾರದು.

ಪಾರ್ಸಲ್ ಬಂದಾಗ ಬಿಚ್ಚುವ ಮೊದಲಿನಿಂದಲೇ ವಿಡಿಯೊ ಮಾಡಿಟ್ಟುಕೊಳ್ಳಿ. 900 ಮಿಲಿಮೀಟರಿನ ಸ್ಕ್ರೂ ಸಾಗಣೆಯಲ್ಲಿ ಬಾಗುವ ಅಪಾಯವಿದೆ. ಗಾಜಿನ ಮೇಲಿಟ್ಟು ಉರುಳಿಸಿದರೆ ಬಾಗು ಕಣ್ಣಿಗೆ ಬೀಳುತ್ತದೆ. ಪಿವಿಸಿ ಪೈಪಿನೊಳಗೆ ಹಾಕಿ ಕಳಿಸಲು ಮೊದಲೇ ಕೇಳಿಕೊಳ್ಳಿ.

ಈ ಕೆಲಸವನ್ನು ಕಸುಬಾಗಿ ಬೆಳೆಸಬೇಕೆನ್ನುವ ಬಡಿಗರಿಗೆ ಒಂದು ಮಾತು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿ ನೆರವು, ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿವರೆಗೆ ಶೇ 5ರ ಬಡ್ಡಿಯ ಸಾಲ ಅದರಲ್ಲಿದೆ.

ಜೋಡಿಸುವ ಕ್ರಮ

1. ತಳವನ್ನು ರಸಮಟ್ಟ ಇಟ್ಟು ಸಮ ಮಾಡಿ. ಕಾಲು ಕುಂಟಿದರೆ ಇಡೀ ಚೌಕಟ್ಟು ತಿರುಚುತ್ತದೆ.

2. ವೈ ರೈಲುಗಳಲ್ಲಿ ಒಂದನ್ನು ಪೂರ್ತಿ ಬಿಗಿಮಾಡಿ. ಎರಡನೆಯದನ್ನು ಸಡಿಲ ಬಿಟ್ಟು, ಗ್ಯಾಂಟ್ರಿಯನ್ನು ತುದಿಯಿಂದ ತುದಿಗೆ ಓಡಿಸುತ್ತ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.

3. ಗ್ಯಾಂಟ್ರಿ ತಳಕ್ಕೆ ಲಂಬವಾಗಿದೆಯೇ ನೋಡಿ. ಒಂದು ಬದಿ 300, ಇನ್ನೊಂದು 400 ಮಿಲಿಮೀಟರ್ ಗುರುತು ಹಾಕಿದರೆ ಕರ್ಣ ಸರಿಯಾಗಿ 500 ಬರಬೇಕು. ಸಣ್ಣ ಮೂಲೆಮಟ್ಟಕ್ಕಿಂತ ಇದು ನಂಬಿಗಸ್ತ.

4. ಸ್ಕ್ರೂ ಕೂರಿಸಿ, ಕೈಯಲ್ಲಿ ತಿರುಗಿಸಿ. ಎಲ್ಲೂ ಬಿಗಿಯಾಗದೆ ತಿರುಗಿದ ಮೇಲೆಯೇ ಮೋಟರ್ ಹಾಕಿ.

5. ಕೊನೆಗೆ ಸ್ಪಿಂಡಲ್. ಅದಕ್ಕೆ ಡಯಲ್ ಗೇಜ್ ಕಟ್ಟಿ, ಕೈಯಲ್ಲಿ ಸುತ್ತು ತಿರುಗಿಸಿ, ಮೇಜಿಗೆ ಲಂಬವಾಗುವಂತೆ ಹೊಂದಿಸಿ.

6. ಮೇಜಿನ ಮೇಲೆ ಎಂಡಿಎಫ್ ಹಲಗೆ ಹಾಸಿ, ಯಂತ್ರದಿಂದಲೇ ಅದರ ಮೇಲ್ಮೈಯನ್ನು ತೆಳುವಾಗಿ ಕೆತ್ತಿ ಸಮ ಮಾಡಿ.

ಯಂತ್ರಕ್ಕೆ 300 ಮಿಲಿಮೀಟರ್ ಸಾಗಲು ಹೇಳಿ ಅಳೆದು ನೋಡಿ. ಒಂದು ಮಿಲಿಮೀಟರ್‌ನಷ್ಟು ವ್ಯತ್ಯಾಸ ಬಂದರೆ ಸಂಖ್ಯೆ ತಿದ್ದುವ ಮೊದಲು ಕಪ್ಲಿಂಗ್ ಸಡಿಲವಿದೆಯೇ, ಆಧಾರದ ಬೋಲ್ಟ್ ಬಿಗಿಯಿದೆಯೇ ನೋಡಿ. ಬಾಲ್ ಸ್ಕ್ರೂ ಯಂತ್ರದಲ್ಲಿ ಅಷ್ಟು ತಪ್ಪು ಬಂದರೆ ದೋಷ ಜೋಡಣೆಯಲ್ಲಿರುವುದೇ ಹೆಚ್ಚು.

ವಿದ್ಯುತ್: ಅರ್ತಿಂಗ್ ಮೊದಲು, ಉಳಿದದ್ದು ಆಮೇಲೆ

ಹಳೆಯ ಮನೆಗಳ ಸಾಕೆಟಿನಲ್ಲಿ ಮೂರನೆಯ ರಂಧ್ರ ಇರುತ್ತದೆ, ಹಿಂದೆ ಅರ್ತ್ ವೈರೇ ಇರುವುದಿಲ್ಲ. ಕಬ್ಬಿಣದ ಯಂತ್ರಕ್ಕೆ ಅರ್ತ್ ಇಲ್ಲದಿದ್ದರೆ ಜೀವಕ್ಕೆ ಅಪಾಯ. ಎಲೆಕ್ಟ್ರಿಷಿಯನ್‌ರಿಂದ ಅರ್ತಿಂಗ್ ಗುಂಡಿಯ ಪರೀಕ್ಷೆ ಮಾಡಿಸಿ, ಯಂತ್ರದ ಚೌಕಟ್ಟು, ವಿಎಫ್‌ಡಿ, ಸ್ಪಿಂಡಲಿನ ಮೈ ಮೂರನ್ನೂ ಅರ್ತಿಗೆ ಸೇರಿಸಿ. ವಿಎಫ್‌ಡಿಗೆ 16 ಆಂಪಿಯರ್ ಸಾಕೆಟ್, ಪ್ರತ್ಯೇಕ ಎಂಸಿಬಿ ಇರಲಿ. ಸ್ವಿಚ್ ಆರಿಸಿದ ಮೇಲೂ ವಿಎಫ್‌ಡಿಯ ಕೆಪಾಸಿಟರಿನಲ್ಲಿ ಕೆಲವು ನಿಮಿಷ ವಿದ್ಯುತ್ ಉಳಿದಿರುತ್ತದೆ, ತಕ್ಷಣ ಮುಚ್ಚಳ ಬಿಚ್ಚಬೇಡಿ. ಕೈಗೆ ಸಿಗುವ ಜಾಗದಲ್ಲಿ ಕೆಂಪು ತುರ್ತು ನಿಲುಗಡೆ ಗುಂಡಿ ಕಡ್ಡಾಯ.

ಕೆಲಸದ ನಡುವೆ ಕರೆಂಟ್ ಹೋದರೆ ಸ್ಟೆಪ್ಪರ್ ತಾನಿದ್ದ ಜಾಗವನ್ನು ಮರೆಯುತ್ತದೆ. ಮೂರೂ ಅಕ್ಷಗಳಿಗೆ ಹೋಮಿಂಗ್ ಸ್ವಿಚ್ ಹಾಕಿಸಿ. ಆಗ ಕರೆಂಟ್ ಬಂದ ಮೇಲೆ ಯಂತ್ರ ತನ್ನ ಮೂಲೆಯನ್ನು ತಾನೇ ಹುಡುಕಿಕೊಳ್ಳುತ್ತದೆ, ನೀವು ಉಳಿಸಿಟ್ಟ ಕೆಲಸದ ಶೂನ್ಯಬಿಂದುವಿನಿಂದ ನಿಂತ ಕೆಲಸವನ್ನು ಮುಂದುವರಿಸಬಹುದು. ವಿಎಫ್‌ಡಿಯ ವಿದ್ಯುತ್ ಗದ್ದಲ ಸ್ವಿಚ್ಚಿನ ತಂತಿಗೆ ನುಸುಳಿದರೆ ಯಂತ್ರ ಸುಮ್ಮಸುಮ್ಮನೆ ನಿಲ್ಲುತ್ತದೆ. ಅದಕ್ಕೆ ಶೀಲ್ಡ್ ಇರುವ ಕೇಬಲ್ ಬಳಸಿ, ಸ್ಪಿಂಡಲಿನ ಕೇಬಲನ್ನು ಉಳಿದವುಗಳಿಂದ ದೂರ ಎಳೆಯಿರಿ.

ಕನ್ನಡ ಅಕ್ಷರ ಕೆತ್ತುವ ಬಗೆ

ಇಂಕ್‌ಸ್ಕೇಪ್ ಉಚಿತ ತಂತ್ರಾಂಶ. ಅದರಲ್ಲಿ ಯೂನಿಕೋಡ್ ಕನ್ನಡ ಫಾಂಟ್ ಬಳಸಿ ಬರೆದು, ಅಕ್ಷರಗಳನ್ನು ಪಾತ್ ಆಗಿ ಮಾರ್ಪಡಿಸಿ. ಕನ್ನಡದಲ್ಲಿ ಒತ್ತಕ್ಷರ, ಗುಣಿತದ ಕೊಂಬುಗಳು ಮೂಲ ಅಕ್ಷರದ ಮೇಲೆ ಹಾಯುತ್ತವೆ. ಹಾಗೇ ಕಳಿಸಿದರೆ ಬಿಟ್ ಅಕ್ಷರದ ಹೊಟ್ಟೆಯಲ್ಲೇ ಗೆರೆ ಎಳೆಯುತ್ತದೆ. ಯೂನಿಯನ್ ಆದೇಶದಿಂದ ಅವನ್ನೆಲ್ಲ ಒಂದೇ ಹೊರಗೆರೆಯಾಗಿ ಕೂಡಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ನಾಮಫಲಕಕ್ಕೆ ವಿ ಆಕಾರದ ಬಿಟ್ ಚೆಂದ. ಗೆರೆ ಅಗಲವಾದಲ್ಲಿ ಅದು ಆಳಕ್ಕಿಳಿಯುತ್ತದೆ, ಸಪೂರವಾದಲ್ಲಿ ಮೇಲೇಳುತ್ತದೆ. 6 ಮಿಲಿಮೀಟರ್ ಅಗಲದ ಗೆರೆಗೆ 90 ಡಿಗ್ರಿ ಬಿಟ್ 3 ಮಿಲಿಮೀಟರ್ ಇಳಿದರೆ, 60 ಡಿಗ್ರಿಯದು 5.2 ಮಿಲಿಮೀಟರ್ ಇಳಿಯುತ್ತದೆ. ತೆಳು ಹಲಗೆಗೆ 90 ಡಿಗ್ರಿಯದೇ ಕ್ಷೇಮ. ಜಿ-ಕೋಡ್ ಸಿದ್ಧವಾದ ಮೇಲೆ ಯುಜಿಎಸ್ ಅಥವಾ ಕ್ಯಾಂಡಲ್ ತಂತ್ರಾಂಶದಿಂದ ಯಂತ್ರಕ್ಕೆ ಕಳಿಸಬಹುದು.

ವೇಗದ ಲೆಕ್ಕ

ಬಿಟ್ಟಿನ ಪ್ರತಿ ಹಲ್ಲೂ ಒಂದು ಸಣ್ಣ ಹೊಟ್ಟು ತೆಗೆಯಬೇಕು. ಸುತ್ತಿನ ವೇಗ, ಹಲ್ಲಿನ ಸಂಖ್ಯೆ, ಹೊಟ್ಟಿನ ದಪ್ಪ ಈ ಮೂರನ್ನು ಗುಣಿಸಿದರೆ ಸಾಗಬೇಕಾದ ವೇಗ ಸಿಗುತ್ತದೆ. 18,000 ಸುತ್ತು, ಎರಡು ಹಲ್ಲು, 0.04 ಮಿಲಿಮೀಟರ್ ಎಂದರೆ ನಿಮಿಷಕ್ಕೆ 1,440 ಮಿಲಿಮೀಟರ್. ಸಾಗವಾನಿಯಲ್ಲಿ 3 ಮಿಲಿಮೀಟರ್ ಬಿಟ್ಟಿಗೆ ಇಲ್ಲಿಂದ ಶುರುಮಾಡಿ, ಒಮ್ಮೆಗೆ 1ರಿಂದ 1.5 ಮಿಲಿಮೀಟರ್ ಆಳ ಮಾತ್ರ ಇಳಿಸಿ. ಹೆದರಿ ತೀರ ನಿಧಾನ ಓಡಿಸಿದರೆ ಹಲ್ಲು ಕೊರೆಯದೆ ಉಜ್ಜುತ್ತದೆ, ಮರ ಕಪ್ಪಾಗುತ್ತದೆ, ಬಿಟ್ ಬೇಗ ಮೊಂಡಾಗುತ್ತದೆ. ಹೊಟ್ಟು ಹಿಟ್ಟಿನಂತೆ ಬಂದರೆ ವೇಗ ಹೆಚ್ಚಿಸಿ.

ನೆರೆ, ಧೂಳು, ಸುರಕ್ಷತೆ

2005, 2019, 2021ರ ಕೃಷ್ಣೆಯ ನೆರೆ ಕಂಡ ಸೀಮೆ ಇದು. ನಿಯಂತ್ರಕ, ವಿಎಫ್‌ಡಿ, ಎಸ್‌ಎಂಪಿಎಸ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಗೋಡೆಯ ಮೇಲೆ ಎತ್ತರದಲ್ಲಿ, ಪ್ಲಗ್ ಬಿಚ್ಚಿ ಹೊತ್ತೊಯ್ಯುವಂತೆ ಜೋಡಿಸಿ. ನೀರಿನ ಮುನ್ಸೂಚನೆ ಬಂದಾಗ ಹತ್ತೇ ನಿಮಿಷದಲ್ಲಿ ಅಟ್ಟಕ್ಕೆ ಏರಿಸಲು ಬರಬೇಕು. ಮಳೆಗಾಲದಲ್ಲಿ ಎಂಡಿಎಫ್ ಉಬ್ಬುತ್ತದೆ, ಮೇಜನ್ನು ಮತ್ತೆ ಸಮ ಮಾಡಬೇಕಾಗುತ್ತದೆ. ರೈಲು, ಸ್ಕ್ರೂಗಳನ್ನು ಒರೆಸಿ ತೆಳುವಾಗಿ ಎಣ್ಣೆ ಸವರಿ.

ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ವ್ಯಾಕ್ಯೂಮ್, ಎನ್95 ಮಾಸ್ಕ್, ಕನ್ನಡಕ, ಕಿವಿಮುಚ್ಚಳ ಬಳಸಿ. ಟವೆಲು, ಧೋತರದ ಚುಂಗು, ಸೀರೆಯ ಸೆರಗು, ಕೈಗವಸು ತಿರುಗುವ ಬಿಟ್ಟಿನ ಹತ್ತಿರ ಬರಬಾರದು. ಮಕ್ಕಳು ನೋಡಲಿ, ದೂರದಿಂದ ನೋಡಲಿ. ಯಂತ್ರ ಓಡುತ್ತಿರುವಾಗ ಅದನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ. ಮೊಂಡು ಬಿಟ್ ಮತ್ತು ಒಣ ಹೊಟ್ಟು ಸೇರಿದರೆ ಬೆಂಕಿ ಹತ್ತಬಹುದು.

ಕಟ್ಟಲು ಹೊರಡುವವರಿಗೆ

ಹಣ ಕಡಿಮೆ ಇದ್ದರೆ ಯಂತ್ರದ ಅಳತೆಯನ್ನು ಕಡಿಮೆ ಮಾಡಿ, ಬಿಗಿತನವನ್ನು ಕಡಿಮೆ ಮಾಡಬೇಡಿ. ನಿಯಂತ್ರಕವನ್ನು ಮುಂದೆ ಎಂದಾದರೂ ಬದಲಿಸಬಹುದು; ದುರ್ಬಲ ಚೌಕಟ್ಟಿನ ಮೇಲೆ ಎಂಥ ದುಬಾರಿ ಸ್ಪಿಂಡಲ್ ಕೂರಿಸಿದರೂ ಗೆರೆ ಸೊಟ್ಟಗೇ ಬರುತ್ತದೆ. ಮೊದಲು ಚೌಕಟ್ಟು ಮತ್ತು ರೈಲು, ಆಮೇಲೆ ಸ್ಕ್ರೂ ಮತ್ತು ಮೋಟರ್, ಕೊನೆಗೆ ಸ್ಪಿಂಡಲ್ ಎಂಬ ಕ್ರಮದಲ್ಲಿ ಖರ್ಚು ಮಾಡಿ. ಒಬ್ಬರೇ ಕಟ್ಟುವ ಬದಲು ಒಬ್ಬ ವೆಲ್ಡರ್, ಒಬ್ಬ ಬಡಿಗ, ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಕೂಡಿಕೊಳ್ಳಿ. ಈ ಮೂರು ವಿದ್ಯೆಗಳಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಅವನ್ನು ಒಂದೇ ಮೇಜಿನ ಸುತ್ತ ಕೂಡಿಸುವ ಕೆಲಸವನ್ನು ನೀವು ಈ ವರ್ಷವೇ ಆರಂಭಿಸಿ.